ಪ್ರಾರ್ಥನೆಗೆ ಬಂದ ಉತ್ತರವನ್ನು ಗುರುತಿಸುವುದು ಹೇಗೆ?

"ದಿನಾ ಪ್ರಾರ್ಥನೆ ಮಾಡ್ತೀನಿ. ಆದ್ರೆ ದೇವರು ಉತ್ತರ ಕೊಟ್ಟರೋ ಇಲ್ವೋ, ಗೊತ್ತಾಗೋದು ಹೇಗೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೊಸದಾಗಿ ನಂಬಿಕೆಗೆ ಬಂದವರಿದ್ದಾರೆ, ತಾತನ ಕಾಲದಿಂದ ಚರ್ಚಿಗೆ ಹೋಗುವ ಮನೆಯವರೂ ಇದ್ದಾರೆ. ಒಬ್ಬರಿಗೆ ಕೆಲಸದ ಚಿಂತೆ, ಇನ್ನೊಬ್ಬರಿಗೆ ಮಗು ಆಗಿಲ್ಲವೆಂಬ ನೋವು, ಮತ್ತೊಬ್ಬರ ಮನೆಯಲ್ಲಿ ವಾಸಿಯಾಗದ ಕಾಯಿಲೆ. ಅದಕ್ಕೇ ಹಂತ ಹಂತವಾಗಿ ಬರೆದಿದ್ದೇನೆ. ಕಥೋಲಿಕರಾಗಿರಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾಗಿರಲಿ, ಪೆಂಟೆಕೋಸ್ಟಲ್ ಸಭೆಯವರಾಗಿರಲಿ, ಇಲ್ಲಿ ಹೇಳಿರುವ ಬಹುಪಾಲು ಎಲ್ಲರಿಗೂ ಹೊಂದುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಈ ಹಂತಗಳು ದೇವರನ್ನು ಒಪ್ಪಿಸುವ ಉಪಾಯ ಅಲ್ಲ. ಇಷ್ಟು ದಿನ ಉಪವಾಸ, ಇಷ್ಟು ಸಲ ಈ ಕೀರ್ತನೆ, ಆಮೇಲೆ ಕೆಲಸ ಆಗೇ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೇವರು ಕೊಟ್ಟ ಉತ್ತರ ನಮ್ಮ ಕಣ್ಣು ತಪ್ಪಿ ಹೋಗಬಾರದು, ಕೊಡದೇ ಇರುವ ಉತ್ತರವನ್ನು ನಾವೇ ಕಟ್ಟಿಕೊಳ್ಳಬಾರದು. ಹಂತಗಳು ಬೇಕಾಗಿರುವುದು ಅಷ್ಟಕ್ಕೇ.

ಏನೇನು ಬೇಕು?

ಒಂದು ಸತ್ಯವೇದ, ಅಂದರೆ ಬೈಬಲ್. ಒಂದು ನೋಟ್‌ಬುಕ್, ಪೆನ್ನು. ನಿಮ್ಮನ್ನು ಚೆನ್ನಾಗಿ ಬಲ್ಲ, ಕೇಳಿದ ಮಾತನ್ನು ಹೊರಗೆ ಹೇಳದ ಒಬ್ಬರೋ ಇಬ್ಬರೋ ವಿಶ್ವಾಸಿಗಳು. ದಿನದಲ್ಲಿ ಯಾರೂ ಕರೆಯದ ಹದಿನೈದು ನಿಮಿಷ. ಇಷ್ಟು ಸಾಕು. ವಿಶೇಷ ಎಣ್ಣೆ, ದುಡ್ಡು ಕೊಟ್ಟು ತರಿಸುವ ಕರವಸ್ತ್ರ, ಯಾವುದೂ ಬೇಡ.

1. ಯಾರ ಹತ್ತಿರ ಕೇಳುತ್ತಿದ್ದೀರಿ ಎಂದು ನೆನಪು ಮಾಡಿಕೊಳ್ಳಿ

ಶಿಷ್ಯರು ಪ್ರಾರ್ಥನೆ ಕಲಿಸಿ ಎಂದಾಗ ಯೇಸು ಮೊದಲು ಕೊಟ್ಟ ಮಾತು "ತಂದೆಯೇ". ಅದೇ ಅಧ್ಯಾಯದಲ್ಲಿ (ಲೂಕ 11) ಮುಂದೆ ಒಂದು ಪ್ರಶ್ನೆ ಕೇಳುತ್ತಾರೆ: ಮಗ ಮೀನು ಕೇಳಿದರೆ ಯಾವ ಅಪ್ಪ ಹಾವು ಕೊಡುತ್ತಾನೆ? ಇದನ್ನು ನಿಧಾನವಾಗಿ ಓದಿ. ಏಕೆಂದರೆ ನಮ್ಮಲ್ಲಿ ಬಹಳ ಜನ ದೇವರನ್ನು ಸಿಟ್ಟಿನ ಮೇಲಧಿಕಾರಿ ಎಂದುಕೊಂಡೇ ಪ್ರಾರ್ಥಿಸುತ್ತೇವೆ. ಸರಿಯಾದ ಮಾತು ಬಳಸದಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆಂಬ ಭಯ. ಆ ಭಯದಲ್ಲಿ ಕೇಳಿದವರಿಗೆ ಉತ್ತರ ತಡವಾದರೆ ಅದು ಶಿಕ್ಷೆಯ ಹಾಗೇ ಕಾಣುತ್ತದೆ.

ಇಲ್ಲಿ ಜನ ಎಡವುವ ಜಾಗ: "ಯೇಸುವಿನ ಹೆಸರಿನಲ್ಲಿ" ಎಂಬ ಮಾತನ್ನು ಬೀಗದ ಕೈ ಮಾಡಿಕೊಳ್ಳುವುದು. ಅವರ ಹೆಸರಿನಲ್ಲಿ ಕೇಳುವುದೆಂದರೆ ಅವರಿಗೆ ಸೇರಿದವರಾಗಿ, ಅವರು ಒಪ್ಪುವಂಥದ್ದನ್ನು ಕೇಳುವುದು. ಅಪೊಸ್ತಲರ ಕೃತ್ಯಗಳು 19ರಲ್ಲಿ ಸ್ಕೇವ ಎಂಬ ಯೆಹೂದಿ ಯಾಜಕನ ಏಳು ಮಕ್ಕಳು ದೆವ್ವ ಬಿಡಿಸಲು ಆ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋಗಿ ಏಟು ತಿಂದು ಓಡಿದರು.

2. ಬೇಡಿಕೆಯನ್ನು ಬಿಡಿಸಿ ಬರೆಯಿರಿ

"ನಮ್ಮ ಮನೆಯನ್ನು ಆಶೀರ್ವದಿಸಿ" ಒಳ್ಳೆಯ ಪ್ರಾರ್ಥನೆಯೇ. ಆದರೆ ಅದಕ್ಕೆ ಉತ್ತರ ಬಂದರೂ ನಿಮಗೆ ತಿಳಿಯುವುದಿಲ್ಲ. ಯೆರಿಕೋ ಊರಿನ ದಾರಿಯಲ್ಲಿ ಕುರುಡ ಬಾರ್ತಿಮಾಯ "ಕರುಣಿಸು" ಎಂದು ಕೂಗಿದ. ಅವನಿಗೆ ಏನು ಬೇಕೆಂದು ಕಣ್ಣಿಗೇ ಕಾಣುತ್ತಿತ್ತು. ಆದರೂ ಯೇಸು ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದರು (ಮಾರ್ಕ 10). ಅವನು ಬಾಯಿ ಬಿಟ್ಟು, ಕಣ್ಣು ಬರಬೇಕು ಎಂದ.

ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ತಾರೀಕು ಹಾಕಿ ಹೀಗೆ ಬರೆಯಿರಿ:

"ಜೂನ್ 3. ತಮ್ಮನಿಗೆ ಕೆಲಸ ಸಿಗಲಿ. ಈ ತಿಂಗಳಲ್ಲಿ ಒಂದಾದರೂ ಇಂಟರ್‌ವ್ಯೂ ಬರಲಿ. ಅಲ್ಲಿಯವರೆಗೆ ಅವನ ಧೈರ್ಯ ಕುಗ್ಗದಿರಲಿ. ಮನೆಯಲ್ಲಿ ನಾವು ಅವನ ಮೇಲೆ ರೇಗದಿರುವಂತೆ ಸಹಾಯ ಮಾಡಿ."

ಒಂದೇ ವಿಷಯ, ನಾಲ್ಕು ಸಾಲು. ಬಲಗಡೆ ಪುಟ ಖಾಲಿ ಬಿಡಿ, ಉತ್ತರ ಅಲ್ಲಿಗೆ. ಹೀಗೆ ಬರೆಯುವವರು ಬೇಗ ಗಮನಿಸುವ ಸಂಗತಿ ಒಂದಿದೆ. ಎಷ್ಟೋ ಸಲ ಕೊನೆಯ ಸಾಲಿಗೆ ಮೊದಲು ಉತ್ತರ ಬರುತ್ತದೆ. ಕೆಲಸ ಇನ್ನೂ ಸಿಕ್ಕಿರುವುದಿಲ್ಲ, ಆದರೆ ಊಟದ ಹೊತ್ತಿನ ಜಗಳ ನಿಂತಿರುತ್ತದೆ. ಬರೆದಿಡದಿದ್ದರೆ ಅದನ್ನು ಉತ್ತರ ಎಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ?

ತಾರೀಕು ಹಾಕುವುದು ನಿಮ್ಮ ನೆನಪಿಗೆ. ದೇವರಿಗೆ ಗಡುವು ಕೊಡಲು ಅಲ್ಲ.

3. ಅಡ್ಡಿಗಳಿವೆಯಾ ನೋಡಿಕೊಳ್ಳಿ

ಪ್ರಾರ್ಥನೆಗೆ ಅಡ್ಡಿಯಾಗುವ ಕೆಲವನ್ನು ಸತ್ಯವೇದ ಹೆಸರಿಟ್ಟೇ ಹೇಳುತ್ತದೆ. ಬರೀ ಭೋಗಕ್ಕಾಗಿ ಕೇಳುವುದು (ಯಾಕೋಬ 4:3). ಯಾರನ್ನೋ ಕ್ಷಮಿಸದೆ ಇಟ್ಟುಕೊಂಡಿರುವುದು (ಮಾರ್ಕ 11:25). ಬಡವರಿಗೆ, ವಿಧವೆಯರಿಗೆ ಅನ್ಯಾಯ ಮಾಡಿ ಆಮೇಲೆ ಕೈ ಎತ್ತಿ ಪ್ರಾರ್ಥಿಸುವುದು (ಯೆಶಾಯ 1). ಇನ್ನೊಂದನ್ನು ಸಭೆಗಳಲ್ಲಿ ಅಪರೂಪಕ್ಕೆ ಕೇಳುತ್ತೇವೆ. ಹೆಂಡತಿಯನ್ನು ಗೌರವದಿಂದ ನೋಡಿಕೊಳ್ಳದ ಗಂಡನ ಪ್ರಾರ್ಥನೆಗೆ ಅಡ್ಡಿ ಬರುತ್ತದೆ ಎಂದು ಪೇತ್ರ ಬರೆದಿದ್ದಾನೆ (1 ಪೇತ್ರ 3:7). ಮನೆಯಲ್ಲಿ ಕೈ ಎತ್ತಿ ಹೊಡೆಯುವವರು ಚರ್ಚಿನಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದರೆ ಸಾಲದು. ಮೊದಲು ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು, ಹೊಡೆಯುವುದನ್ನು ನಿಲ್ಲಿಸಬೇಕು.

ಆದರೆ ಈ ಪಟ್ಟಿಯಲ್ಲಿ ಹುಡುಕಬೇಕಾದದ್ದು ನಿಮ್ಮನ್ನು ಮಾತ್ರ, ಪಕ್ಕದವರನ್ನಲ್ಲ. ಹುಟ್ಟು ಕುರುಡನನ್ನು ನೋಡಿ, ಇದು ಯಾರು ಮಾಡಿದ ಪಾಪ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ಅಪ್ಪ ಅಮ್ಮನೂ ಅಲ್ಲ ಎಂದರು ಯೇಸು (ಯೋಹಾನ 9). ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕೂತು "ನಂಬಿಕೆ ಸಾಲದಾಯ್ತೇನೋ" ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಯಾರಾದರೂ ನಿಮಗೆ ಹಾಗೆ ಹೇಳಿದ್ದರೆ ಅದನ್ನು ದೇವರ ಮಾತೆಂದು ಹೊತ್ತುಕೊಂಡು ತಿರುಗಬೇಡಿ.

4. ನಿಮ್ಮ ಕೈಯಲ್ಲಿರುವ ಕೆಲಸ ಮಾಡಿ

ಕ್ರಿ.ಪೂ. 445ರ ಸುಮಾರಿನ ಮಾತು. ಪಾರಸಿಯ ಅರಸ ಅರ್ತಷಸ್ತನಿಗೆ ಪಾನ ಕೊಡುವ ಕೆಲಸದಲ್ಲಿದ್ದವನು ನೆಹೆಮೀಯ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಮಾತೆತ್ತಲು ಅವಕಾಶ ಸಿಕ್ಕಿದ್ದು ನೀಸಾನ್ ತಿಂಗಳಲ್ಲಿ. ಸುಮಾರು ನಾಲ್ಕು ತಿಂಗಳ ಅಂತರ. ಅರಸ "ನಿನಗೇನು ಬೇಕು" ಎಂದಾಗ ನೆಹೆಮೀಯ ಅಲ್ಲೇ ನಿಂತು ಒಂದು ಕ್ಷಣ ಪ್ರಾರ್ಥಿಸಿದ, ಆಮೇಲೆ ಬಾಯಿ ತೆರೆದ. ಕೇಳಿದ್ದು ನೋಡಿ: ರಜೆ, ಎಷ್ಟು ದಿನ ಎಂಬ ಲೆಕ್ಕ, ದಾರಿಯ ಅಧಿಪತಿಗಳಿಗೆ ಪತ್ರ, ಮರ ಕೊಡುವಂತೆ ಅರಣ್ಯದ ಅಧಿಕಾರಿ ಆಸಾಫನಿಗೆ ಇನ್ನೊಂದು ಪತ್ರ. ಆ ನಾಲ್ಕು ತಿಂಗಳು ಅವನು ಬರೀ ಅಳುತ್ತಾ ಕೂತಿರಲಿಲ್ಲ, ಯೋಚನೆಯನ್ನೂ ಮಾಡಿದ್ದ ಎಂದು ಇದರಿಂದಲೇ ಗೊತ್ತಾಗುತ್ತದೆ. ಮುಂದೆ ಶತ್ರುಗಳು ಬಂದಾಗ ದೇವರನ್ನು ಬೇಡಿಕೊಂಡದ್ದೂ ಉಂಟು, ಹಗಲು ರಾತ್ರಿ ಕಾವಲು ಇಟ್ಟದ್ದೂ ಉಂಟು.

ಹಾಗಾಗಿ ನಿಮ್ಮ ಬೇಡಿಕೆಯ ಕೆಳಗೆ ಒಂದು ಸಾಲು ಸೇರಿಸಿ: "ಈ ವಿಷಯದಲ್ಲಿ ನಾನು ಮಾಡಬೇಕಾದದ್ದು." ಅರ್ಜಿ ಹಾಕುವುದು, ಫೋನ್ ಮಾಡಿ ಕ್ಷಮೆ ಕೇಳುವುದು, ಬ್ಯಾಂಕಿಗೆ ಹೋಗಿ ಸಾಲದ ಕಂತಿನ ಬಗ್ಗೆ ಮಾತಾಡುವುದು, ಏನಿದೆಯೋ ಅದು.

ಕಾಯಿಲೆಯ ವಿಷಯದಲ್ಲಂತೂ ಇದನ್ನು ಖಂಡಿತ ಪಾಲಿಸಿ. ಪ್ರಾರ್ಥನೆ ಮಾಡಿದ್ದೇವೆಂದು ಔಷಧಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯ ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಖಿನ್ನತೆಯ ಮಾತ್ರೆ, ಯಾವುದನ್ನೂ ಡಾಕ್ಟರ್ ಹೇಳದೆ ಬಿಡಬಾರದು. ಹಿಜ್ಕೀಯ ರಾಜ ಸಾಯುವ ಸ್ಥಿತಿಯಲ್ಲಿದ್ದಾಗ ಅತ್ತು ಪ್ರಾರ್ಥಿಸಿದ. ದೇವರು ಅವನ ಆಯುಷ್ಯಕ್ಕೆ 15 ವರ್ಷ ಸೇರಿಸಿದರು. ಆ ಮಾತನ್ನು ತಂದು ತಿಳಿಸಿದ ಪ್ರವಾದಿ ಯೆಶಾಯನೇ, ಅಂಜೂರದ ಹಣ್ಣನ್ನು ಅರೆದು ಹುಣ್ಣಿಗೆ ಕಟ್ಟಲು ಹೇಳಿದ (ಯೆಶಾಯ 38). ವಾಗ್ದಾನ ಸಿಕ್ಕಮೇಲೂ ಪಟ್ಟು ಹಾಕಿದರು. ಇದನ್ನು ಅಪನಂಬಿಕೆ ಎಂದು ಯಾರೂ ಅನ್ನಲಿಲ್ಲ.

5. ಉತ್ತರ ಯಾವ ರೂಪದಲ್ಲಿ ಬರುತ್ತದೆಂದು ತಿಳಿದಿರಿ

"ಹೌದು, ಇಲ್ಲ, ಕಾದಿರು. ದೇವರ ಉತ್ತರ ಈ ಮೂರೇ" ಎಂದು ಭಾನುವಾರ ಶಾಲೆಯಲ್ಲಿ ಕಲಿಸುತ್ತಾರೆ. ಮಕ್ಕಳಿಗೆ ಅಷ್ಟು ಸಾಕು. ದೊಡ್ಡವರಿಗೆ ಸಾಲದು ಎಂದು ನನಗನ್ನಿಸುತ್ತದೆ.

ಕೆಲವೊಮ್ಮೆ ಕೇಳಿದ್ದೇ ಸಿಗುತ್ತದೆ, ಆದರೂ ನಾವೇ ನಂಬುವುದಿಲ್ಲ. ಪೇತ್ರ ಜೈಲಿನಲ್ಲಿದ್ದಾಗ ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸೇರಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರು. ರಾತ್ರಿ ಬಿಡುಗಡೆಯಾಗಿ ಬಂದ ಪೇತ್ರ ಅದೇ ಮನೆಯ ಕದ ತಟ್ಟಿದ. ಕೆಲಸದ ಹುಡುಗಿ ರೋದೆ ಅವನ ಧ್ವನಿ ಗುರುತು ಹಿಡಿದು, ಖುಷಿಯಲ್ಲಿ ಕದ ತೆಗೆಯುವುದನ್ನೇ ಮರೆತು ಒಳಗೆ ಓಡಿ ಹೇಳಿದಳು. ಪ್ರಾರ್ಥಿಸುತ್ತಿದ್ದವರು ಅವಳಿಗೇ "ನಿನಗೆ ಹುಚ್ಚು" ಎಂದರು (ಅಪೊಸ್ತಲರ ಕೃತ್ಯಗಳು 12). ಉತ್ತರ ಹೊರಗೆ ನಿಂತು ಕದ ತಟ್ಟುತ್ತಲೇ ಇತ್ತು.

ಕೆಲವೊಮ್ಮೆ ಪರಿಸ್ಥಿತಿ ಬದಲಾಗುವುದಿಲ್ಲ, ಅದನ್ನು ಹೊರುವ ಬಲ ಬರುತ್ತದೆ. ಪೌಲನಿಗೆ ಶರೀರದಲ್ಲಿ ಒಂದು ಮುಳ್ಳಿನಂಥ ಬಾಧೆ ಇತ್ತು. ಅದೇನೆಂದು ಅವನು ಬಿಡಿಸಿ ಹೇಳಿಲ್ಲ. ತೆಗೆದುಬಿಡಿ ಎಂದು ಮೂರು ಸಲ ಬೇಡಿಕೊಂಡ. ಬಂದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" (2 ಕೊರಿಂಥ 12:9). ಕೃಪೆ ಅಂದರೆ ನಮ್ಮ ಯೋಗ್ಯತೆ ನೋಡದೆ ದೇವರು ಕೊಡುವ ಪ್ರೀತಿ, ಸಹಾಯ. ಮುಳ್ಳು ಹೋಗಲಿಲ್ಲ. ಆದರೆ ಪೌಲ ಇದನ್ನು ಉತ್ತರ ಸಿಗದ ಪ್ರಾರ್ಥನೆ ಎಂದು ಬರೆದಿಲ್ಲ.

ಕೆಲವೊಮ್ಮೆ ಉತ್ತರ ಮೊದಲು ಕೇಳಿದವರ ಮುಖದಲ್ಲೇ ಕಾಣುತ್ತದೆ. ಹನ್ನ ಮಗುವಿಗಾಗಿ ಶಿಲೋವಿನಲ್ಲಿ ಬಹಳ ಅತ್ತು ಪ್ರಾರ್ಥಿಸಿದಳು. ತುಟಿ ಮಾತ್ರ ಅಲುಗುತ್ತಿತ್ತು, ಧ್ವನಿ ಕೇಳಿಸುತ್ತಿರಲಿಲ್ಲ, ಅದನ್ನು ನೋಡಿ ಯಾಜಕ ಏಲಿ ಅವಳನ್ನು ಕುಡಿದಿದ್ದಾಳೆ ಎಂದುಕೊಂಡ. ಅಲ್ಲಿಂದ ಎದ್ದು ಹೋಗಿ ಊಟ ಮಾಡಿದಳು, ಅವಳ ಮುಖ ಆಮೇಲೆ ಬಾಡಲಿಲ್ಲ ಎಂದಿದೆ (1 ಸಮುವೇಲ 1:18). ಆಗಿನ್ನೂ ಬಸಿರಿನ ಸುಳಿವೇ ಇರಲಿಲ್ಲ. ಸಮುವೇಲ ಹುಟ್ಟಿದ್ದು ಆಮೇಲೆ.

ಇನ್ನು ಕೆಲವೊಮ್ಮೆ ಸಣ್ಣ ಬೇಡಿಕೆಗೆ "ಇಲ್ಲ" ಎನ್ನುವುದರಲ್ಲೇ ದೊಡ್ಡ ಬೇಡಿಕೆಗೆ "ಹೌದು" ಇರುತ್ತದೆ. ಇದನ್ನು ಮೋನಿಕಾಳ ಬದುಕಿನಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಉತ್ತರ ಆಫ್ರಿಕಾದ ತಗಾಸ್ತೆ ಊರಿನ ಹೆಂಗಸು. ಮಗ ಅಗಸ್ಟೀನ್ ಹುಟ್ಟಿದ್ದು 354ರಲ್ಲಿ. ಬಹಳ ಬುದ್ಧಿವಂತ, ಆದರೆ ತಾಯಿಯ ನಂಬಿಕೆ ಬಿಟ್ಟು ಬೇರೆ ದಾರಿ ಹಿಡಿದಿದ್ದ. ಮಗ ಕ್ರಿಸ್ತನ ಕಡೆ ತಿರುಗಲಿ ಎಂದು ಆಕೆ ವರ್ಷಗಟ್ಟಲೆ ಅತ್ತಳು. 383ರಲ್ಲಿ ಅವನು ಕಾರ್ಥೇಜಿನಿಂದ ರೋಮಿಗೆ ಹೊರಟ. ಕಣ್ಣೆದುರಿಗಿದ್ದಾಗಲೇ ಹೀಗೆ, ದೂರ ಹೋದರೆ ಏನಾದಾನೋ ಎಂದು ಆಕೆ ಬಂದರಿನ ತನಕ ಹಿಂದೆ ಬಂದಳು. ಅವನು ಸುಳ್ಳು ಹೇಳಿ, ಆಕೆಯನ್ನು ಹತ್ತಿರದ ಒಂದು ಪ್ರಾರ್ಥನಾಲಯದಲ್ಲಿ ಉಳಿಸಿ, ರಾತ್ರೋರಾತ್ರಿ ಹಡಗು ಹತ್ತಿದ. ಆ ರಾತ್ರಿ ಆಕೆ ಬೇಡುತ್ತಿದ್ದದ್ದು ಮಗ ಹೋಗದಿರಲಿ ಎಂದೇ. ಬೆಳಿಗ್ಗೆ ನೋಡಿದರೆ ಹಡಗು ಇಲ್ಲ.

ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿಗೆ ಮುಟ್ಟಿಸಿತು. ಅಲ್ಲಿ ಬಿಷಪ್ ಆಂಬ್ರೋಸರ ಉಪದೇಶ ಕೇಳಿದ. 387ರ ಈಸ್ಟರ್ ಹೊತ್ತಿಗೆ ಅವರ ಕೈಯಲ್ಲೇ ದೀಕ್ಷಾಸ್ನಾನ ಪಡೆದ. ಹಿಂಬಾಲಿಸಿ ಬಂದಿದ್ದ ತಾಯಿ ಅದನ್ನು ಕಣ್ಣಾರೆ ನೋಡಿದಳು, ಅದೇ ವರ್ಷ ತೀರಿಕೊಂಡಳು. ಆಕೆ ಯಾವಾಗಲೂ ಕೇಳುತ್ತಿದ್ದದ್ದನ್ನು ಕೊಡುವುದಕ್ಕಾಗಿಯೇ ದೇವರು ಆ ರಾತ್ರಿ ಕೇಳಿದ್ದನ್ನು ಕೊಡಲಿಲ್ಲ ಎಂದು ಅಗಸ್ಟೀನರೇ ಮುಂದೆ ಬರೆದರು.

ನಿಮ್ಮ ನೋಟ್‌ಬುಕ್ಕಿನಲ್ಲೂ ಇದನ್ನು ನೋಡಬಹುದು. ಪ್ರತಿ ಬೇಡಿಕೆಯ ಪಕ್ಕ "ಇದನ್ನು ಯಾಕೆ ಕೇಳುತ್ತಿದ್ದೇನೆ?" ಎಂದು ಬರೆಯಿರಿ. ಮೋನಿಕಾ ಬರೆದಿದ್ದರೆ "ಮಗ ಹೋಗದಿರಲಿ" ಎಂಬುದರ ಪಕ್ಕದಲ್ಲಿ "ಅವನು ಕ್ರಿಸ್ತನಿಗೆ ಸಿಗಲಿ" ಎಂದಿರುತ್ತಿತ್ತು. ಬೇಡಿಕೆಗೆ ಉತ್ತರ ಬರದಿದ್ದಾಗ ಈ ಎರಡನೆಯ ಸಾಲಿನ ಮೇಲೆ ಕಣ್ಣಿಡಿ.

6. ಬಂದದ್ದು ದೇವರ ಉತ್ತರವೇ ಎಂದು ಪರೀಕ್ಷಿಸಿ

ಮನಸ್ಸಿಗೆ ಬಂದದ್ದೆಲ್ಲ ದೇವರ ಧ್ವನಿ ಅಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಸತ್ಯವೇದದ ಬೋಧನೆಗೆ ವಿರುದ್ಧವಾಗಿದೆಯೇ? ನನ್ನನ್ನು ಬಲ್ಲ ವಿಶ್ವಾಸಿಗಳು ಏನೆನ್ನುತ್ತಾರೆ? ನಾಲ್ಕು ದಿನ ಬಿಟ್ಟು ನೋಡಿದರೂ ಹಾಗೇ ಅನ್ನಿಸುತ್ತದೆಯೇ?

ಪೌಲನ ತಂಡ ದಾರಿ ಕಂಡುಕೊಂಡ ರೀತಿ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆಸ್ಯ ಸೀಮೆಗೆ ಹೋಗಬೇಕೆಂದರು, ತಡೆಯಾಯಿತು. ಬಿಥೂನ್ಯಕ್ಕೆ ಹೊರಟರು, ಅದೂ ಆಗಲಿಲ್ಲ. ತ್ರೋವ ಪಟ್ಟಣದಲ್ಲಿ ರಾತ್ರಿ ಪೌಲನಿಗೆ ಒಂದು ದರ್ಶನ: ಮಕೆದೋನ್ಯದವನೊಬ್ಬ ನಿಂತು "ಬಂದು ನಮಗೆ ಸಹಾಯ ಮಾಡು" ಎನ್ನುತ್ತಿದ್ದ. ದರ್ಶನ ಕಂಡವನು ಒಬ್ಬನೇ. ಆದರೆ ಇದು ದೇವರ ಕರೆ ಎಂದು ತೀರ್ಮಾನಿಸಿದ್ದು "ನಾವು" ಎಂದು ಬರೆದಿದೆ. ಫಿಲಿಪ್ಪಿಗೆ ಹೋದರು. ನದೀ ತೀರದಲ್ಲಿ ಬಟ್ಟೆ ವ್ಯಾಪಾರದ ಲುದ್ಯಳು ನಂಬಿದಳು. ಆಮೇಲೆ ಪೌಲ, ಸೀಲ ಇಬ್ಬರಿಗೂ ಏಟು ಬಿತ್ತು, ಜೈಲೂ ಆಯಿತು. ಕಷ್ಟ ಬಂತು ಎಂದಮಾತ್ರಕ್ಕೆ ಉತ್ತರ ತಪ್ಪಾಗಿ ಕೇಳಿಸಿತು ಎಂದಲ್ಲ.

ಎಚ್ಚರ ಬೇಕಾದ ಕೆಲವು ಅಭ್ಯಾಸಗಳು:

ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳು ಬಿದ್ದ ವಚನವನ್ನೇ ಉತ್ತರ ಎಂದುಕೊಳ್ಳುವುದು. ವಾಗ್ದಾನ ವಾಕ್ಯದ ಕಾರ್ಡ್, ಅಂದರೆ ಹೊಸ ವರ್ಷಕ್ಕೆ ಸಭೆಯಲ್ಲಿ ಚೀಟಿಯ ಹಾಗೆ ತೆಗೆಯುವ ವಚನ, ಧೈರ್ಯಕ್ಕೆ ಒಳ್ಳೆಯದು. ಅದನ್ನು ನೋಡಿ ಮನೆ ಮಾರಬೇಡಿ, ಮದುವೆ ನಿಶ್ಚಯಿಸಬೇಡಿ. ವಚನದ ಹಿಂದೆ ಮುಂದೆ ಇರುವುದನ್ನು ಓದಿ, ಯಾರಿಗೆ ಯಾಕೆ ಹೇಳಿದ್ದು ಎಂದು ನೋಡಿ.

ಗಿದ್ಯೋನನ ಉಣ್ಣೆಯ ಹಾಗೆ ಗುರುತು ಕೇಳುವುದು. ಅವನು ಕಣದಲ್ಲಿ ಉಣ್ಣೆ ಇಟ್ಟು, ಉಣ್ಣೆಯ ಮೇಲೆ ಮಾತ್ರ ಇಬ್ಬನಿ ಬೀಳಲಿ, ಆಗ ನಂಬುತ್ತೇನೆ ಎಂದಿದ್ದ. ಅವನಿಗೆ ದೇವರ ಮಾತು ಮೊದಲೇ ಸ್ಪಷ್ಟವಾಗಿ ಸಿಕ್ಕಿತ್ತು (ನ್ಯಾಯಸ್ಥಾಪಕರು 6). ಅವನ ಭಯವನ್ನು ದೇವರು ಸಹಿಸಿಕೊಂಡರು, ಅಷ್ಟೇ.

"ದೇವರು ನನಗೆ ಹೇಳಿದ್ರು, ನೀನು ನನ್ನನ್ನು ಮದುವೆ ಆಗಬೇಕಂತೆ" ಎನ್ನುವವರು. ದೇವರಿಗೆ ನಿಮ್ಮ ಹತ್ತಿರ ಮಾತಾಡಲೂ ಬರುತ್ತದೆ. ಒತ್ತಡಕ್ಕೆ ಮಣಿಯಬೇಡಿ.

ದುಡ್ಡು ಕೊಟ್ಟರೆ ಉತ್ತರ ಬೇಗ ಬರುತ್ತದೆ ಎನ್ನುವವರು. ಸಮಾರ್ಯದ ಸೀಮೋನ ದೇವರ ವರಕ್ಕೆ ಹಣ ಕೊಡಲು ಬಂದಾಗ ಪೇತ್ರ, ಆ ಹಣ ನಿನ್ನೊಂದಿಗೇ ಹಾಳಾಗಲಿ ಎಂದ. ಕಾಣಿಕೆ ಸಂತೋಷದಿಂದ ಕೊಡುವಂಥದ್ದು, ಪ್ರಾರ್ಥನೆಗೆ ಫೀಸು ಅಲ್ಲ.

7. ಕಾಯುವ ದಿನಗಳಲ್ಲಿ ಏನು ಮಾಡಬೇಕು?

ಪ್ರಾರ್ಥಿಸುತ್ತಲೇ ಇರಿ. ಲೂಕ 18ರ ವಿಧವೆ ಅನ್ಯಾಯಗಾರ ನ್ಯಾಯಾಧೀಶನ ಬೆನ್ನು ಬಿಡಲಿಲ್ಲ. ಅಂಥವನೇ ಕೊನೆಗೆ ನ್ಯಾಯ ತೀರಿಸಿದನಲ್ಲ, ದೇವರು ತೀರಿಸುವುದಿಲ್ಲವೇ ಎಂಬುದು ಯೇಸುವಿನ ವಾದ.

ಮಾತು ಬರದಿದ್ದರೆ ಸತ್ಯವೇದದ ಕೀರ್ತನೆಗಳನ್ನು ಬಾಯಿಗೆ ತಂದುಕೊಳ್ಳಿ. 13ನೇ ಕೀರ್ತನೆ "ಇನ್ನೆಷ್ಟರವರೆಗೆ" ಎಂದೇ ಶುರುವಾಗುತ್ತದೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಅಂಥ ಪ್ರಾರ್ಥನೆಯನ್ನೂ ದೇವರು ತಮ್ಮ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ. ಹಾಗಾಗಿ ದೇವರ ಮುಂದೆ ದೂರು ಹೇಳುವುದಕ್ಕೆ ಹೆದರಬೇಡಿ. ಸುಮ್ನೆ ಕಣ್ಣೀರು ಮಾತ್ರ ಬಂದರೂ, ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮರೇ ನಮ್ಮ ಪರವಾಗಿ ಬೇಡಿಕೊಳ್ಳುತ್ತಾರೆ (ರೋಮಾಪುರ 8:26).

ತೀರಾ ಕುಗ್ಗಿಹೋದಾಗ ಬೇರೆಯವರು ನಿಮಗಾಗಿ ಪ್ರಾರ್ಥಿಸಲಿ. ಇದನ್ನೇ ಮಧ್ಯಸ್ಥಿಕೆ ಪ್ರಾರ್ಥನೆ ಎನ್ನುವುದು, ಒಬ್ಬರು ಇನ್ನೊಬ್ಬರ ಪರವಾಗಿ ದೇವರ ಮುಂದೆ ನಿಲ್ಲುವುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಅವತ್ತೇ ಮನೆಯವರಿಗೆ ಹೇಳಿ, ಡಾಕ್ಟರನ್ನು ನೋಡಿ.

8. ಉತ್ತರ "ಇಲ್ಲ" ಎಂದಾದಾಗ

ಪೇತ್ರ ಜೈಲಿನಿಂದ ಹೊರಬಂದ ಅಧ್ಯಾಯದ ಮೊದಲ ಸಾಲುಗಳನ್ನು ನಾವು ಬೇಗ ದಾಟಿಬಿಡುತ್ತೇವೆ. ಅಲ್ಲಿ ಹೆರೋದ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅವನೂ ಅಪೊಸ್ತಲನೇ. ಅವನಿಗೆ ಯಾಕೆ ಬಿಡುಗಡೆ ಸಿಗಲಿಲ್ಲ ಎಂದು ಸತ್ಯವೇದ ಹೇಳುವುದಿಲ್ಲ. ಅದು ಹೇಳದ ಕಾರಣವನ್ನು ಸಾವಿನ ಮನೆಗೆ ಹೋಗಿ ನಾವು ಹೇಳಬಾರದು.

ಗೆತ್ಸೇಮನೆ ತೋಟದಲ್ಲಿ ಯೇಸುವೇ, ಸಾಧ್ಯವಿದ್ದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿಕೊಂಡರು. ಮೂರು ಸಲ. "ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ" ಎಂದದ್ದು ಅಲ್ಲೇ. ಪಾತ್ರೆ ಅಂದರೆ ಮುಂದೆ ಕಾದಿದ್ದ ಶಿಲುಬೆಯ ಸಾವಿನ ನೋವು. ಚಿತ್ತ ಅಂದರೆ ದೇವರ ಇಷ್ಟ, ಉದ್ದೇಶ. ಪಾತ್ರೆ ಬಿಟ್ಟುಹೋಗಲಿಲ್ಲ. ದೇವರ ಸ್ವಂತ ಮಗನಿಗೇ "ಇಲ್ಲ" ಸಿಕ್ಕಿದೆ. ಹಾಗಾಗಿ "ಇಲ್ಲ" ಎಂದರೆ ದೇವರಿಗೆ ನಮ್ಮ ಮೇಲೆ ಪ್ರೀತಿ ಇಲ್ಲ ಎಂದಾಗಲೀ, ನಮ್ಮ ನಂಬಿಕೆ ಖೊಟ್ಟಿ ಎಂದಾಗಲೀ ಅರ್ಥವಲ್ಲ. ಕ್ರೈಸ್ತ ನಂಬಿಕೆ ಆ ಶಿಲುಬೆಯ ಮೇಲೇ ನಿಂತಿದೆ. ಮೂರನೆಯ ದಿನದ ಪುನರುತ್ಥಾನ ಬಂದದ್ದೂ ಆ "ಇಲ್ಲ"ದ ಆಚೆಯಿಂದಲೇ.

ಈ ಹಂತದಲ್ಲಿ ನೋಟ್‌ಬುಕ್ಕಿನ ಬಲಗಡೆ ಪುಟದಲ್ಲಿ ಸುಳ್ಳು ಸಮಾಧಾನ ಬರೆಯಬೇಡಿ. "ಸಿಗಲಿಲ್ಲ. ನೋವಾಗಿದೆ" ಎಂದು ತಾರೀಕು ಹಾಕಿ ಬರೆಯಿರಿ. ಅಳಬೇಕಾದಷ್ಟು ಅಳಿ. ಲಾಜರನನ್ನು ಎಬ್ಬಿಸಲಿದ್ದ ಯೇಸುವೂ ಮೊದಲು ಅವನ ಸಮಾಧಿಯ ಹತ್ತಿರ ಅತ್ತರು.

9. ಉತ್ತರ ಸಿಕ್ಕಮೇಲೆ

ಅವತ್ತೇ ಬಲಗಡೆ ಪುಟದಲ್ಲಿ ಬರೆಯಿರಿ, ಧನ್ಯವಾದ ಹೇಳಿ. ಹತ್ತು ಕುಷ್ಠರೋಗಿಗಳು ವಾಸಿಯಾದರು, ಹಿಂದಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರೆಂದು ನೋಡುತ್ತಿದ್ದ ಸಮಾರ್ಯದವನು (ಲೂಕ 17).

ಸಭೆಯಲ್ಲಿ ಸಾಕ್ಷಿ ಹೇಳುವುದಿದ್ದರೆ, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ತಿಳಿಸುವುದಿದ್ದರೆ, ಆದದ್ದನ್ನು ಆದಷ್ಟೇ ಹೇಳಿ. ಜ್ವರವನ್ನು ಕ್ಯಾನ್ಸರ್ ಮಾಡಬೇಡಿ. ಪೂರ್ತಿ ವಾಸಿಯಾಯಿತು ಎನ್ನುವ ಮುಂಚೆ ಡಾಕ್ಟರ ರಿಪೋರ್ಟ್ ಬರಲಿ. ನೋಡಿಕೊಂಡ ನರ್ಸು, ಸಾಲ ಕೊಟ್ಟ ನೆಂಟರು, ರಕ್ತ ಕೊಟ್ಟ ಹುಡುಗ, ಇವರನ್ನೂ ನೆನೆಯಿರಿ. ದೇವರು ಅವರ ಕೈಯಿಂದಲೇ ಕೊಟ್ಟಿರುತ್ತಾರೆ. ಇನ್ನೊಬ್ಬರ ಕಾಯಿಲೆ ಅಥವಾ ಸಂಸಾರದ ವಿಷಯವಾದರೆ ಅವರನ್ನು ಮೊದಲು ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಇನ್ನೂ ಕಾಯುತ್ತಿರುವವರು ಅದೇ ಬೆಂಚಿನಲ್ಲಿ ಕೂತಿರುತ್ತಾರೆ ಎಂಬುದೂ ನೆನಪಿರಲಿ. ಸಾಕ್ಷಿ ಮುಗಿಸಿ ಕೆಳಗಿಳಿದ ಮೇಲೆ ಅವರ ಪಕ್ಕ ಹೋಗಿ ಕೂತು, ಅವರ ಬೇಡಿಕೆ ಏನೆಂದು ಕೇಳಿ, ಅವರು ಒಪ್ಪಿದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.